ನಿರಾಶ್ರಿತನಾಗಿ ಬಂದು ಲೋಕಕ್ಕೆ ಔಷಧಿಯಿತ್ತ ವಿಜ್ಞಾನಿ ಅರ್ನ್ಸ್ಟ್ ಚೇನ್

ನ್ಯುಮೋನಿಯಾ, ಬಾಣಂತಿಯರ ನಂಜು, ಕೀವುಗಟ್ಟಿದ ಗಾಯ ಮುಂತಾದವು ನಮ್ಮ ಹಿರಿಯರ ಕಾಲದಲ್ಲಿ ಸಾವಿಗೆ ಇನ್ನೊಂದು ಹೆಸರಾಗಿದ್ದವು. ಆ ಭಯವನ್ನು ಬಹುಮಟ್ಟಿಗೆ ನೀಗಿಸಿದ ಔಷಧಿ ಪೆನಿಸಿಲಿನ್. ಅದರ ಹೆಸರು ಬಂದೊಡನೆ ಎಲ್ಲರಿಗೂ ನೆನಪಾಗುವವರು ಅಲೆಕ್ಸಾಂಡರ್ ಫ್ಲೆಮಿಂಗ್. ಆದರೆ ಅವರು ಕಂಡ ಬೂಷ್ಟನ್ನು ರೋಗಿಗೆ ಕೊಡಬಹುದಾದ ಔಷಧಿಯನ್ನಾಗಿ ಮಾರ್ಪಡಿಸಿದವರಲ್ಲಿ, ದೇಶ ಬಿಟ್ಟು ಓಡಿಬಂದ ಯೆಹೂದ್ಯ ತರುಣನೊಬ್ಬನಿದ್ದನೆಂಬುದು ಹಲವರಿಗೆ ತಿಳಿಯದು. ಅವರೇ ಅರ್ನ್ಸ್ಟ್ ಬೋರಿಸ್ ಚೇನ್.

ಚೇನ್ ಅವರು 1906ರ ಜೂನ್ 19ರಂದು ಜರ್ಮನಿಯ ಬರ್ಲಿನ್ ನಗರದಲ್ಲಿ ಜನಿಸಿದರು. ರಷ್ಯಾ ಮೂಲದ ತಂದೆ ರಸಾಯನಶಾಸ್ತ್ರಜ್ಞರೂ ಉದ್ಯಮಿಯೂ ಆಗಿದ್ದರು. 1919ರಲ್ಲಿ ತಂದೆ ತೀರಿಕೊಂಡ ಬಳಿಕ ಮಗನ ಲಾಲನೆಪಾಲನೆಯ ಭಾರ ತಾಯಿ ಮಾರ್ಗರೆಟೆಯವರ ಮೇಲೆ ಬಿದ್ದಿತು. ಬಾಲಕನಿಗೆ ರಸಾಯನಶಾಸ್ತ್ರದಷ್ಟೇ ಪಿಯಾನೋ ವಾದನದಲ್ಲಿಯೂ ಒಲವು. ಸಂಗೀತವನ್ನೇ ಜೀವನೋಪಾಯವನ್ನಾಗಿ ಮಾಡಿಕೊಳ್ಳುವ ಯೋಚನೆಯೂ ಇತ್ತು. ಕೊನೆಗೆ ವಿಜ್ಞಾನವೇ ಗೆದ್ದಿತು. 1930ರಲ್ಲಿ ಬರ್ಲಿನ್ ವಿಶ್ವವಿದ್ಯಾನಿಲಯದಿಂದ ಪದವಿ ಪಡೆದು ಅವರು ಸಂಶೋಧನೆಗೆ ತೊಡಗಿದರು.

1933ರ ಜನವರಿಯಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಯೆಹೂದ್ಯರಿಗೆ ಜರ್ಮನಿಯಲ್ಲಿ ಭವಿಷ್ಯವಿಲ್ಲವೆಂಬುದನ್ನು ಚೇನ್ ಬೇಗನೆ ಅರಿತರು. ಅದೇ ಏಪ್ರಿಲ್ 2ರಂದು ಅವರು ಇಂಗ್ಲೆಂಡಿನ ನೆಲದಲ್ಲಿ ಕಾಲಿಟ್ಟಾಗ ಕಿಸೆಯಲ್ಲಿದ್ದುದು ಕೇವಲ 10 ಪೌಂಡು. ತಾಯಿಯೂ ಸಹೋದರಿಯೂ ಹಿಂದೆಯೇ ಉಳಿದರು.

ಪರದೇಶದಲ್ಲಿ ಗುರುತುಪರಿಚಯವಿಲ್ಲದ ಈ ತರುಣನಿಗೆ ಬಾಗಿಲು ತೆರೆದವರಿದ್ದರು. ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಅವರ ನೆರವಿನಿಂದ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಅನಂತರ ಕೇಂಬ್ರಿಡ್ಜಿನಲ್ಲಿ ಫ್ರೆಡರಿಕ್ ಗೌಲಂಡ್ ಹಾಪ್ಕಿನ್ಸ್ ಅವರು ತಮ್ಮ ಪ್ರಯೋಗಾಲಯದಲ್ಲಿ ಸ್ಥಾನವಿತ್ತರು. 1935ರಲ್ಲಿ ಆಕ್ಸ್‌ಫರ್ಡಿನ ರೋಗಶಾಸ್ತ್ರ ವಿಭಾಗದ ಮುಖ್ಯಸ್ಥ ಹೋವರ್ಡ್ ಫ್ಲೋರಿಯವರು ಅವರನ್ನು ಕರೆಸಿಕೊಂಡರು.

ಅಲ್ಲಿಂದ ಅವರ ಬದುಕಿನ ದಿಕ್ಕೇ ಬದಲಾಯಿತು. ರೋಗಾಣುಗಳನ್ನು ನಾಶಮಾಡುವ ವಸ್ತುಗಳ ಕುರಿತು ಹಳೆಯ ಬರಹಗಳನ್ನು ಜಾಲಾಡುತ್ತಿದ್ದಾಗ, ಫ್ಲೆಮಿಂಗ್ ಅವರು 1929ರಲ್ಲಿ ಪ್ರಕಟಿಸಿದ್ದ ಲೇಖನ ಚೇನ್ ಅವರ ಕಣ್ಣಿಗೆ ಬಿದ್ದಿತು. ಬೂಷ್ಟಿನಿಂದ ಒಸರುವ ರಸವು ರೋಗಾಣುಗಳನ್ನು ಕೊಲ್ಲುತ್ತದೆಂದು ಫ್ಲೆಮಿಂಗ್ ಕಂಡಿದ್ದರು. ಆದರೆ ಅದನ್ನು ಶುದ್ಧೀಕರಿಸಿ ಉಳಿಸಿಕೊಳ್ಳಲು ಸಾಧ್ಯವಾಗಿರಲಿಲ್ಲ. ಬೇಗನೆ ಕೆಟ್ಟುಹೋಗುವ ಆ ವಸ್ತುವನ್ನು ಚೇನ್ ಮತ್ತು ಅವರ ಸಹೋದ್ಯೋಗಿ ನಾರ್ಮನ್ ಹೀಟ್ಲಿ ತಣ್ಣಗಿನ ಸ್ಥಿತಿಯಲ್ಲಿ ಬೇರ್ಪಡಿಸಿ, ಹೆಪ್ಪುಗಟ್ಟಿಸಿ ಒಣಗಿಸಿ, ಕಂದು ಬಣ್ಣದ ಪುಡಿಯಾಗಿ ಪಡೆದರು.

1940ರ ಮೇ 25ರಂದು ಪ್ರಾಣಾಂತಕ ರೋಗಾಣುಗಳನ್ನು 8 ಇಲಿಗಳಿಗೆ ಚುಚ್ಚಲಾಯಿತು. ಅವುಗಳಲ್ಲಿ ನಾಲ್ಕಕ್ಕೆ ಪೆನಿಸಿಲಿನ್ ಕೊಡಲಾಯಿತು. ಬೆಳಗಾಗುವಷ್ಟರಲ್ಲಿ ಔಷಧಿ ಕಾಣದ ನಾಲ್ಕೂ ಸತ್ತಿದ್ದವು, ಔಷಧಿ ಪಡೆದವು ಬದುಕಿದ್ದವು. ಆಗ ಇಂಗ್ಲೆಂಡಿನ ಮೇಲೆ ಜರ್ಮನಿಯ ದಾಳಿಯ ಭೀತಿ ಕವಿದಿತ್ತು. ಶತ್ರುಗಳು ಬಂದರೂ ಬೂಷ್ಟಿನ ಬೀಜ ಉಳಿಯಲೆಂದು ಸಂಶೋಧಕರು ಅದನ್ನು ತಮ್ಮ ಕೋಟುಗಳ ಒಳಬಟ್ಟೆಗೆ ಸವರಿಕೊಂಡರು. ಉಪಕರಣಗಳಿಗೂ ಕೊರತೆಯಿದ್ದುದರಿಂದ ಆಸ್ಪತ್ರೆಯ ಬೆಡ್‌ಪ್ಯಾನುಗಳು, ಹಾಲಿನ ಕ್ಯಾನುಗಳು, ಸ್ನಾನದ ತೊಟ್ಟಿಯೇ ಉಪಯೋಗಕ್ಕೆ ಬಂದವು.

1941ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡಿನ ಆಸ್ಪತ್ರೆಯಲ್ಲಿ ಮರಣಶಯ್ಯೆಯಲ್ಲಿದ್ದ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸನಿಗೆ ಈ ಔಷಧಿ ಕೊಡಲಾಯಿತು. ಕೆಲವೇ ದಿನಗಳಲ್ಲಿ ಜ್ವರ ಇಳಿದು ಆತ ಊಟಮಾಡುವಂತಾದನು. ಆದರೆ ಇದ್ದ ಪುಡಿಯೆಲ್ಲ ಮುಗಿಯಿತು. ಆತನ ಮೂತ್ರದಿಂದ ಔಷಧಿಯನ್ನು ಮರಳಿ ಪಡೆದು ಕೊಟ್ಟರೂ ಸಾಲದೆ ಮಾರ್ಚ್ 15ರಂದು ಆತ ಅಸುನೀಗಿದನು. ಔಷಧಿ ಸೋತದ್ದಲ್ಲ, ಅದರ ಪ್ರಮಾಣ ಸಾಲಲಿಲ್ಲವೆಂಬುದು ಎಲ್ಲರಿಗೂ ಮನವರಿಕೆಯಾಯಿತು. ಅನಂತರ ಅಮೆರಿಕದಲ್ಲಿ ದೊಡ್ಡ ಪ್ರಮಾಣದ ತಯಾರಿಕೆ ಆರಂಭವಾಗಿ, 1944ರ ಹೊತ್ತಿಗೆ ಗಾಯಗೊಂಡ ಸೈನಿಕರಿಗೆ ಪೆನಿಸಿಲಿನ್ ದೊರೆಯತೊಡಗಿತು.

1945ರಲ್ಲಿ ಫ್ಲೆಮಿಂಗ್, ಫ್ಲೋರಿ ಮತ್ತು ಚೇನ್ ಮೂವರಿಗೂ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಆದರೆ ಯುದ್ಧ ಮುಗಿದ ಮೇಲೆ ಅವರನ್ನು ಮುಟ್ಟಿದ ಇನ್ನೊಂದು ಸುದ್ದಿ, ತಾಯಿ ಹಾಗೂ ಸಹೋದರಿ ನಾಜಿಗಳ ಕೈಯಲ್ಲಿ ಹತರಾದರೆಂಬುದು. ಲಕ್ಷಾಂತರ ತಾಯಂದಿರ ಮಕ್ಕಳನ್ನು ಉಳಿಸಿದ ಔಷಧಿಗೆ ಕಾರಣನಾದ ಮಗನಿಗೆ ಹೆತ್ತ ತಾಯಿಯನ್ನು ಉಳಿಸಿಕೊಳ್ಳಲಾಗಲಿಲ್ಲ.

ಚೇನ್ ಅವರ ಸ್ವಭಾವ ಮೃದುವಾಗಿರಲಿಲ್ಲ. ಕೋಪ ಬೇಗ ಬರುತ್ತಿತ್ತು. ಪೆನಿಸಿಲಿನ್ನಿಗೆ ಪೇಟೆಂಟ್ ಪಡೆಯಬೇಕೆಂದು ಪಟ್ಟುಹಿಡಿದು ಹಿರಿಯ ವಿಜ್ಞಾನಿಗಳ ಅಸಮಾಧಾನಕ್ಕೂ ಗುರಿಯಾದರು. ಫ್ಲೋರಿಯವರೊಡನೆ ಸಂಬಂಧವೂ ಕೆಟ್ಟಿತು. 1948ರಲ್ಲಿ ಜೀವರಸಾಯನಶಾಸ್ತ್ರಜ್ಞೆ ಆನ್ ಬೆಲೋಫ್ ಅವರನ್ನು ವಿವಾಹವಾದ ಚೇನ್, ಅದೇ ವರ್ಷ ರೋಮ್ ನಗರದ ಆರೋಗ್ಯ ಸಂಶೋಧನಾ ಸಂಸ್ಥೆಗೆ ತೆರಳಿದರು. ದಂಪತಿಗಳಿಗೆ ಮೂವರು ಮಕ್ಕಳು. ರೋಮಿನ ಅವರ ಪ್ರಯೋಗಾಲಯದಲ್ಲಿ ತರಬೇತಾದ ಬ್ರಿಟಿಷ್ ಸಂಶೋಧಕರು 1957ರಲ್ಲಿ ಪೆನಿಸಿಲಿನ್ನಿನ ಮೂಲಭಾಗವನ್ನು ಪ್ರತ್ಯೇಕಿಸಿದರು. ಇಂದು ಮಕ್ಕಳಿಗೂ ಕೊಡುವ ಆಂಪಿಸಿಲಿನ್, ಅಮಾಕ್ಸಿಸಿಲಿನ್ ಔಷಧಿಗಳು ಅದರ ಫಲ. 1960ರ ದಶಕದಲ್ಲಿ ಅವರು ಲಂಡನ್ನಿಗೆ ಮರಳಿದರು. 1979ರ ಆಗಸ್ಟ್ 12ರಂದು ಐರ್ಲೆಂಡಿನಲ್ಲಿ ನಿಧನರಾದರು.

ವಿಜ್ಞಾನವೊಂದೇ ಮನುಷ್ಯನಿಗೆ ಒಳಿತು ಕೆಡುಕನ್ನು ಕಲಿಸಲಾರದೆಂದು ನಂಬಿದ್ದ ಚೇನ್, ಪೂರ್ವಜರ ಧರ್ಮದಲ್ಲಿ ದೃಢವಾಗಿ ನೆಲೆನಿಂತು, ಮಕ್ಕಳನ್ನೂ ಅದರಲ್ಲಿಯೇ ಬೆಳೆಸಿದರು. 1965ರಲ್ಲಿ ತಾವು ಯೆಹೂದ್ಯರಾಗಿರುವುದೇಕೆಂದು ಬಹಿರಂಗವಾಗಿ ಭಾಷಣವನ್ನೂ ಮಾಡಿದರು. ಅದೇ ವರ್ಷದ ಅಕ್ಟೋಬರ್ 28ರಂದು ನಮ್ಮ ಧರ್ಮಸಭೆಯು ದ್ವಿತೀಯ ವ್ಯಾಟಿಕನ್ ಮಹಾಸಭೆಯ ಘೋಷಣೆಯ ಮೂಲಕ ಯೆಹೂದ್ಯ ದ್ವೇಷವನ್ನು ಖಂಡಿಸಿತು.

ಹೆರೋದನ ಕತ್ತಿಗೆ ಅಂಜಿ ಬಾಲಯೇಸುವಿನೊಂದಿಗೆ ಈಜಿಪ್ಟಿಗೆ ಓಡಿದ ಮಾತೆ ಮರಿಯ ಹಾಗೂ ಸಂತ ಜೋಸೆಫರೂ ನಿರಾಶ್ರಿತರೇ. ಚೇನ್ ಇಂಗ್ಲೆಂಡಿಗೆ ಬಂದ ದಿನ ಅವರಿಂದ ಏನು ದೊರೆಯುವುದೆಂದು ಯಾರಿಗೂ ತಿಳಿದಿರಲಿಲ್ಲ. ಅವರ ತಾಯಿ ಮತ್ತು ಸಹೋದರಿ ಯಾವ ಸಾಧನೆಯನ್ನೂ ಮಾಡದಿದ್ದರೂ ಬದುಕುವ ಹಕ್ಕುಳ್ಳವರಾಗಿದ್ದರು. ನಮ್ಮೂರಿಗೆ ನೆಲೆ ಅರಸಿ ಬರುವ ಅಪರಿಚಿತ ಕುಟುಂಬವನ್ನು ಕಂಡಾಗ, ಮಕ್ಕಳಿಗೆ ಅಮಾಕ್ಸಿಸಿಲಿನ್ ಕುಡಿಸುವ ನಾವು ಈ ಮೂವರನ್ನೂ ನೆನೆಯುವುದು ಒಳಿತು.