ದಿವಾನ್ ಮಿರ್ಜಾ ಇಸ್ಮಾಯಿಲ್

ಬೆಂಗಳೂರಿನ ದಂಡು ಪ್ರದೇಶದಲ್ಲಿ ಅಲಿ ಆಸ್ಕರ್ ರಸ್ತೆ ಎಂಬ ಒಂದು ರಸ್ತೆಯಿದೆ. ಅದರಲ್ಲಿ ದಿನವೂ ಓಡಾಡುವವರು ಬಹಳ ಮಂದಿ. ಆ ಹೆಸರಿನ ಹಿಂದಿರುವ ಕಥೆಯನ್ನು ಬಲ್ಲವರು ಕೆಲವರು ಮಾತ್ರ. ಶ್ರೀರಂಗಪಟ್ಟಣವು ಬ್ರಿಟಿಷರ ವಶವಾದ ಮೇಲೆ, 1809ರಲ್ಲಿ ಅವರು ತಮ್ಮ ಸೈನ್ಯವನ್ನು ಹಲಸೂರಿನ ಬಳಿಯ ಎತ್ತರದ ಬಯಲಿಗೆ ತಂದು ನೆಲೆಗೊಳಿಸಿದರು. ಸೈನ್ಯ ಬಂದಲ್ಲಿ ವ್ಯಾಪಾರವೂ ಬರುತ್ತದೆ. ಅಂದಿನ ಸೈನ್ಯಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿದ್ದುದು ಕುದುರೆ. ದೂರದ ಪರ್ಷಿಯಾ ದೇಶದ ಶಿರಾಜ್ ನಗರದಿಂದ ಕುದುರೆಗಳನ್ನು ತಂದು ಇಲ್ಲಿನ ಅಶ್ವದಳಕ್ಕೂ ಮೈಸೂರಿನ ಅರಸರಿಗೂ ಮಾರುತ್ತಿದ್ದ ವರ್ತಕ ಆಗಾ ಅಲಿ ಆಸ್ಕರ್. ಅವರು ಬೆಂಗಳೂರಿನಲ್ಲಿಯೇ ನೆಲೆಸಿ ಈ ಊರಿನವರಾದರು. ಅವರ ಮೊಮ್ಮಗನೇ ಮುಂದೆ ಮೈಸೂರು ಸಂಸ್ಥಾನದ ದಿವಾನರಾಗಿ ಹದಿನೈದು ವರ್ಷ ನಾಡನ್ನು ನಡೆಸಿದ ಸರ್ ಮಿರ್ಜಾ ಇಸ್ಮಾಯಿಲ್.

ಮಿರ್ಜಾ ಅವರು 1883ರ ಅಕ್ಟೋಬರ್ 24ರಂದು ಬೆಂಗಳೂರಿನಲ್ಲಿ ಜನಿಸಿದರು. ಅವರ ಮನೆತನಕ್ಕೆ ಅರಮನೆಯ ಪರಿಚಯ ಮೊದಲಿನಿಂದಲೂ ಇತ್ತು. ಇದರಿಂದಾಗಿ, ಬಾಲಕ ಮಿರ್ಜಾ ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿ ಓದುವ ಅವಕಾಶ ದೊರೆಯಿತು. ಒಂದೇ ಕೊಠಡಿಯಲ್ಲಿ ಪಾಠ ಕೇಳಿದ ಈ ಇಬ್ಬರು ಬಾಲಕರ ಸ್ನೇಹವು ಜೀವನದ ಕೊನೆಯವರೆಗೂ ಕದಡಲಿಲ್ಲ. ಮಿರ್ಜಾ ಅವರು 1905ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಪದವಿ ಪಡೆದು, ಸಂಸ್ಥಾನದ ಪೊಲೀಸ್ ಇಲಾಖೆಯಲ್ಲಿ ಸೇವೆಗೆ ಸೇರಿದರು. ಸ್ವಲ್ಪ ಕಾಲದಲ್ಲಿಯೇ ಮಹಾರಾಜರು ಅವರನ್ನು ಅರಮನೆಯ ಕಾರ್ಯಕ್ಕೆ ಕರೆಸಿಕೊಂಡರು. ಮುಂದೆ ಅವರು ಹುಜೂರ್ ಕಾರ್ಯದರ್ಶಿಯಾಗಿ, ಮಹಾರಾಜರ ಆಪ್ತ ಕಾರ್ಯದರ್ಶಿಯಾಗಿ ಆಡಳಿತದ ಒಳಹೊರಗನ್ನು ಅರಿತರು. 1926ರಲ್ಲಿ ದಿವಾನ್ ಪದವಿಗೆ ಬಂದಾಗ ಅವರ ವಯಸ್ಸು ನಲವತ್ತೆರಡು.

ದಿವಾನರು ಕೈಗೆತ್ತಿಕೊಂಡ ನಾಡಿನ ಸ್ಥಿತಿ ವಿಚಿತ್ರವಾಗಿತ್ತು. ಅವರ ಪೂರ್ವಿಕರ ನೆಲೆಯಾದ ದಂಡು ಪ್ರದೇಶವು ಮೈಸೂರು ಸೀಮೆಯ ನಡುವೆಯೇ ಇದ್ದರೂ 1881ರಿಂದ ಅಲ್ಲಿನ ಆಡಳಿತ ಬ್ರಿಟಿಷ್ ರೆಸಿಡೆಂಟರದಾಗಿತ್ತು. ಪೇಟೆಯು ಮಹಾರಾಜರ ಸರ್ಕಾರಕ್ಕೆ ಸೇರಿತ್ತು. ಶಿವಾಜಿನಗರ, ಹಲಸೂರುಗಳ ಕಡೆಯ ದಂಡು ಬ್ರಿಟಿಷರ ಸರ್ಕಾರಕ್ಕೆ ಸೇರಿತ್ತು. ಇದಲ್ಲದೆ ರಕ್ಷಣೆಯ ಹೆಸರಿನಲ್ಲಿ ಮೈಸೂರು ಸಂಸ್ಥಾನವು ಬ್ರಿಟಿಷರಿಗೆ ಪ್ರತಿವರ್ಷ 35 ಲಕ್ಷ ರೂಪಾಯಿಗಳ ಕಪ್ಪವನ್ನು ಸಲ್ಲಿಸಬೇಕಾಗಿತ್ತು. ಅಂದಿನ ಕಾಲಕ್ಕೆ ಅದು ಅತ್ಯಂತ ಭಾರವಾದ ಮೊತ್ತ. ರಕ್ಷಣೆಯ ವೆಚ್ಚವನ್ನು ಹೊರುವವರು ನಾಡಿನ ರೈತರು. ರಕ್ಷಣೆಯ ಅಧಿಕಾರವಿದ್ದುದು ಮಾತ್ರ ಪರರ ಕೈಯಲ್ಲಿ. ಮೈಸೂರು ಬಹುಕಾಲದಿಂದ ಈ ಹೊರೆಯ ವಿರುದ್ಧ ವಾದಿಸುತ್ತ ಬಂದಿತ್ತು. ಮಿರ್ಜಾ ಅವರ ಆಡಳಿತದ ಮೊದಲ ವರ್ಷಗಳಲ್ಲಿ ಆ ವಾದಕ್ಕೆ ಫಲ ದೊರೆತು, ವಾರ್ಷಿಕ ಕಪ್ಪದಲ್ಲಿ ಹತ್ತೂವರೆ ಲಕ್ಷ ರೂಪಾಯಿ ಕಡಿಮೆಯಾಯಿತು. ಆದರೆ ಹೊರೆಯನ್ನು ತಗ್ಗಿಸಿದ ಮಾತ್ರಕ್ಕೆ ನಾಡು ಬಲಗೊಳ್ಳುವುದಿಲ್ಲ. ತನ್ನ ಕಾಲಿನ ಮೇಲೆ ತಾನು ನಿಲ್ಲುವ ಶಕ್ತಿಯನ್ನು ನಾಡು ಗಳಿಸಬೇಕು. ಈ ತತ್ತ್ವವೇ ದಿವಾನರ ಕಾರ್ಯಗಳಿಗೆಲ್ಲ ಅಡಿಗಲ್ಲಾಯಿತು.

ಹಿಂದಿನ ದಿವಾನರಾದ ಶೇಷಾದ್ರಿ ಅಯ್ಯರ್ ಮತ್ತು ವಿಶ್ವೇಶ್ವರಯ್ಯನವರು ಹಾಕಿದ ತಳಹದಿ ಅವರಿಗೆ ದೊರೆತಿತ್ತು. ಶಿವನಸಮುದ್ರದ ವಿದ್ಯುತ್ತು 1902ರಿಂದ ಹರಿಯುತ್ತಿತ್ತು. ಕಾವೇರಿಗೆ ಅಡ್ಡಲಾಗಿ ಕನ್ನಂಬಾಡಿ ಕಟ್ಟೆ ಎದ್ದಿತ್ತು. ಆದರೆ ಕಟ್ಟೆಯಲ್ಲಿ ನಿಂತ ನೀರು ಹೊಲಕ್ಕೆ ಹರಿದಲ್ಲದೆ ಅನ್ನವಾಗದು. ಮಿರ್ಜಾ ಅವರ ಕಾಲದಲ್ಲಿ ಕನ್ನಂಬಾಡಿಯ ಎಡದಂಡೆಯ ದೊಡ್ಡ ನಾಲೆಯು, ಹುಲಿಕೆರೆಯ ಬಳಿ ಬೆಟ್ಟದ ನೆಲವನ್ನು ಕೊರೆದ ಸುರಂಗದ ಮೂಲಕ ಹಾದು, ಮಂಡ್ಯದ ಒಣ ಭೂಮಿಯನ್ನು ತಲಪಿತು. ನೀರು ಬಂದ ಮೇಲೆ ಕಬ್ಬು ಬೆಳೆಯಿತು. ಬೆಳೆದ ಕಬ್ಬಿಗೆ ಬೆಲೆ ದೊರೆಯಬೇಕಾದರೆ ಕಾರ್ಖಾನೆ ಬೇಕು. ಆದುದರಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ರಾಗಿ, ಹುರುಳಿಗಳನ್ನೂ ಮಳೆಯಿಲ್ಲದೆ ಕಳೆದುಕೊಳ್ಳುತ್ತಿದ್ದ ಸೀಮೆ ಸಕ್ಕರೆಯ ನಾಡಾಯಿತು. 1939ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ಒಂದು ಕೆಲಸದ ಫಲವನ್ನು ಮತ್ತೊಂದು ಕೆಲಸಕ್ಕೆ ಬೀಜವನ್ನಾಗಿ ಮಾಡುವುದು ಮಿರ್ಜಾ ಅವರ ಆಡಳಿತದ ರೀತಿ.

ಭದ್ರಾವತಿಯಲ್ಲಿಯೂ ಇದೇ ರೀತಿಯನ್ನು ಕಾಣಬಹುದು. ಅಲ್ಲಿನ ಕಬ್ಬಿಣದ ಕಾರ್ಖಾನೆಯು ಮೊದಲ ವರ್ಷಗಳಲ್ಲಿ ನಷ್ಟವನ್ನು ಅನುಭವಿಸಿತ್ತು. ಅದನ್ನು ಮುಚ್ಚುವುದು ಸುಲಭದ ದಾರಿಯಾಗಿತ್ತು. ಸರ್ಕಾರವು ಆ ದಾರಿಯನ್ನು ಹಿಡಿಯದೆ, 1936ರಲ್ಲಿ ಅಲ್ಲಿ ಉಕ್ಕಿನ ತಯಾರಿಕೆಯನ್ನು ಆರಂಭಿಸಿತು; ಅದರ ನೆರೆಯಲ್ಲಿ ಸಿಮೆಂಟಿನ ಕಾರ್ಖಾನೆಯೂ ಕಾಗದದ ಕಾರ್ಖಾನೆಯೂ ತಲೆಯೆತ್ತಿದವು. ಬೆಂಗಳೂರಿನಲ್ಲಿ ವಿದ್ಯುದ್ದೀಪ, ಪಿಂಗಾಣಿ ಮೊದಲಾದವುಗಳನ್ನು ತಯಾರಿಸುವ ಕಾರ್ಖಾನೆಗಳು ಹುಟ್ಟಿದವು. ಜೋಗದ ಜಲಪಾತದಿಂದ ವಿದ್ಯುತ್ತನ್ನು ಪಡೆಯುವ ಯೋಜನೆಯ ಕೆಲಸವೂ ಅವರ ಕಾಲದಲ್ಲಿಯೇ ಮೊದಲಾಯಿತು. ಬೃಹತ್ ಯಂತ್ರಗಳ ಜೊತೆಗೆ ಚರಕಕ್ಕೂ ಅವರು ಎಡೆಗೊಟ್ಟರು. ನಂಜನಗೂಡಿನ ಬಳಿಯ ಬದನವಾಳಿನ ಖಾದಿ ಕೇಂದ್ರಕ್ಕೆ ಸರ್ಕಾರದ ನೆರವು ದೊರೆಯಿತು.

ಊರುಗಳು ಸ್ವಚ್ಛವಾಗಿಯೂ ಸುಂದರವಾಗಿಯೂ ಇರಬೇಕೆಂಬುದು ಅವರ ಹಟವಾಗಿತ್ತು. ಬೆಳಗಿನ ಹೊತ್ತಿನಲ್ಲಿ ಕುದುರೆಯೇರಿ ನಗರವನ್ನು ಸುತ್ತಿ, ಚರಂಡಿ, ಬೀದಿ, ಉದ್ಯಾನಗಳನ್ನು ಅವರು ಸ್ವತಃ ನೋಡುತ್ತಿದ್ದರು. ಬೆಳೆಯುತ್ತಿದ್ದ ಬೆಂಗಳೂರಿಗೆ ಕುಡಿಯುವ ನೀರನ್ನು ಒದಗಿಸಲು ಅರ್ಕಾವತಿ ನದಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟಿದ ಜಲಾಶಯ 1933ರಲ್ಲಿ ಪೂರ್ಣವಾಯಿತು. ಕನ್ನಂಬಾಡಿಯ ಕೆಳಗಿನ ಬೃಂದಾವನವೂ ಅವರ ಸೌಂದರ್ಯದೃಷ್ಟಿಯ ಫಲವೇ ಆಗಿದೆ.

ಇಷ್ಟೆಲ್ಲ ಕಟ್ಟಿದ ದಿವಾನರ ಆಡಳಿತದಲ್ಲಿ ಕಹಿಯಾದ ಪ್ರಸಂಗಗಳಿಲ್ಲದಿರಲಿಲ್ಲ. 1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆಯ ಶಾಲೆಯೊಂದರಲ್ಲಿದ್ದ ಗಣಪತಿಯ ವಿಗ್ರಹದ ಕಾರಣದಿಂದ ಗಲಭೆಯಾಯಿತು. ದಿವಾನರ ಧರ್ಮವನ್ನು ಎತ್ತಿ ಆಡಿದವರೂ ಇದ್ದರು. ಸರ್ಕಾರವು ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು. ಹತ್ತು ವರ್ಷಗಳ ಅನಂತರ, 1938ರ ಏಪ್ರಿಲ್ ತಿಂಗಳಲ್ಲಿ, ರಾಷ್ಟ್ರಧ್ವಜವನ್ನು ಹಾರಿಸಲು ವಿದುರಾಶ್ವತ್ಥದಲ್ಲಿ ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ತೆತ್ತರು. ಅನಂತರ ಸರದಾರ್ ಪಟೇಲರು ಬೆಂಗಳೂರಿಗೆ ಬಂದು ಮಾತುಕತೆ ನಡೆಸಿದ ಮೇಲೆ, ಮೈಸೂರಿನ ಧ್ವಜದೊಡನೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂದು ಒಪ್ಪಂದವಾಯಿತು. ಆದರೆ ಪ್ರಜೆಗಳು ಬೇಡುತ್ತಿದ್ದ ಜವಾಬ್ದಾರಿ ಸರ್ಕಾರ ಮಿರ್ಜಾ ಅವರ ಕಾಲದಲ್ಲಿ ಬರಲಿಲ್ಲ. ಅದು ಬಂದದ್ದು 1947ರಲ್ಲಿ, ಚಳವಳಿಯ ಮೂಲಕ. ನೀರು, ಬೆಳಕು, ಉದ್ಯೋಗಗಳನ್ನು ಕೊಟ್ಟ ಆಡಳಿತವಾದರೂ ಪ್ರಜೆಗಳ ದನಿಗೆ ಅಧಿಕಾರದಲ್ಲಿ ಪಾಲು ಕೊಡದಿದ್ದರೆ ಅದು ಅಪೂರ್ಣವೇ ಸರಿ. ಮಿರ್ಜಾ ಅವರ ಹಿರಿಮೆಯನ್ನು ಹೇಳುವಾಗ ಈ ಕೊರತೆಯನ್ನು ಮರೆಮಾಚಬೇಕಾಗಿಲ್ಲ.

1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಹಿಂದಿನ ಮಹಾಯುದ್ಧದಲ್ಲಿ ಮೈಸೂರಿನ ಅಶ್ವದಳವು ಪ್ಯಾಲೆಸ್ಟೈನಿನ ಹೈಫಾ ನಗರದಲ್ಲಿ ಕೀರ್ತಿ ಗಳಿಸಿತ್ತು. ಈಗಿನ ಯುದ್ಧ ಕುದುರೆಗಳ ಯುದ್ಧವಾಗಿರಲಿಲ್ಲ. ಆಕಾಶವನ್ನು ಆಳುವವರೇ ನೆಲವನ್ನೂ ಆಳುವ ಕಾಲ ಬಂದಿತ್ತು. ಆದರೆ ಇಡೀ ಭಾರತದಲ್ಲಿ ವಿಮಾನವನ್ನು ತಯಾರಿಸುವ ಒಂದು ಕಾರ್ಖಾನೆಯೂ ಇರಲಿಲ್ಲ. ಸೊಲ್ಲಾಪುರದ ಉದ್ಯಮಿ ವಾಲ್‌ಚಂದ್ ಹೀರಾಚಂದರು ಈ ಕೊರತೆಯನ್ನು ನೀಗಿಸಲು ಮುಂದಾದರು. ವಿಲಿಯಂ ಪಾಲೆ ಎಂಬ ಅಮೆರಿಕದ ಉದ್ಯಮಿಯ ಸಹಕಾರ ಅವರಿಗಿತ್ತು. ಬ್ರಿಟಿಷ್ ಸರ್ಕಾರವು ಮೊದಮೊದಲು ಉತ್ಸಾಹ ತೋರಲಿಲ್ಲ. ಕಾರ್ಖಾನೆಗೆ ಸ್ಥಳ ಹುಡುಕುತ್ತಿದ್ದ ವಾಲ್‌ಚಂದರಿಗೆ ಬಾಗಿಲು ತೆರೆದದ್ದು ಮೈಸೂರು ಸಂಸ್ಥಾನ.

ಮೈಸೂರಿಗೆ ಈ ಧೈರ್ಯ ಒಂದು ದಿನದಲ್ಲಿ ಬಂದುದಲ್ಲ. ವಿಮಾನ ಕಾರ್ಖಾನೆಗೆ ವಿದ್ಯುತ್ತು ಬೇಕು. ಅದು ಶಿವನಸಮುದ್ರದಿಂದ ಬರುತ್ತಿತ್ತು. ಯಂತ್ರವಿದ್ಯೆಯನ್ನು ಬಲ್ಲವರು ಬೇಕು. ಇಲ್ಲಿನ ಕಾಲೇಜುಗಳೂ ತಾತಾ ವಿಜ್ಞಾನ ಸಂಸ್ಥೆಯೂ ಅಂಥವರನ್ನು ಸಿದ್ಧಗೊಳಿಸುತ್ತಿದ್ದವು. ಬೆಂಗಳೂರು ಸಮುದ್ರತೀರದಿಂದ ದೂರವಿತ್ತು. ಶತ್ರುವಿನ ಹಡಗುಗಳಿಗೆ ಸುಲಭವಾಗಿ ಎಟುಕುವಂತಿರಲಿಲ್ಲ. ಹವೆಯೂ ಹಿತಕರವಾಗಿತ್ತು. ದಂಡು ಪ್ರದೇಶದ ಎಲ್ಲೆಯಾಚೆಗೆ, ನಗರದ ಪೂರ್ವದಲ್ಲಿ ಸಂಸ್ಥಾನವು ವಿಶಾಲವಾದ ಭೂಮಿಯನ್ನು ಕೊಟ್ಟಿತು. ಬಂಡವಾಳದಲ್ಲಿ ಪಾಲನ್ನೂ ಹೂಡಿತು. 1940ರ ಡಿಸೆಂಬರ್ 23ರಂದು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಕುದುರೆಗಳನ್ನು ಮಾರಲು ಬಂದ ವರ್ತಕನ ಮೊಮ್ಮಗನು ಅದೇ ಊರಿನಲ್ಲಿ ವಿಮಾನಗಳ ಕಾರ್ಖಾನೆಗೆ ನೆಲೆಯೊದಗಿಸಿದನು.

ಆದರೆ ಅದರ ಫಲವನ್ನು ದಿವಾನರ ಪೀಠದಲ್ಲಿ ಕುಳಿತು ನೋಡುವ ಭಾಗ್ಯ ಅವರಿಗಿರಲಿಲ್ಲ. 1940ರ ಆಗಸ್ಟ್ 3ರಂದು ನಾಲ್ವಡಿಯವರು ನಿಧನರಾಗಿದ್ದರು. ಬಾಲ್ಯದ ಗೆಳೆಯನೂ ಒಡೆಯನೂ ಆಗಿದ್ದ ಮಹಾರಾಜರ ಅಗಲಿಕೆಯ ಮರುವರ್ಷ, 1941ರಲ್ಲಿ, ಮಿರ್ಜಾ ಅವರು ದಿವಾನಗಿರಿಗೆ ರಾಜೀನಾಮೆ ಕೊಟ್ಟರು. ಬೆಂಗಳೂರಿನಲ್ಲಿ ಜೋಡಿಸಿದ ಮೊದಲ ತರಬೇತಿ ವಿಮಾನ ಆಕಾಶಕ್ಕೇರಿದ್ದು ಆ ವರ್ಷದ ಆಗಸ್ಟ್ ತಿಂಗಳಲ್ಲಿ. 1942ರಲ್ಲಿ ಸಿಂಗಪುರವೂ ರಂಗೂನೂ ಜಪಾನೀಯರ ವಶವಾದಾಗ ಈ ಕಾರ್ಖಾನೆಯ ಮಹತ್ತ್ವವು ಎಲ್ಲರಿಗೂ ತಿಳಿಯಿತು. ಆ ವರ್ಷ ಭಾರತ ಸರ್ಕಾರವು ವಾಲ್‌ಚಂದರ ಪಾಲನ್ನು ಕೊಂಡು ಆಡಳಿತವನ್ನು ವಹಿಸಿಕೊಂಡಿತು. ಆಗ್ನೇಯ ಏಷ್ಯದ ಯುದ್ಧರಂಗದಲ್ಲಿ ಜಖಂಗೊಂಡ ವಿಮಾನಗಳು ದುರಸ್ತಿಗಾಗಿ ಬೆಂಗಳೂರಿಗೆ ಬಂದವು. ನೀರಿನ ಮೇಲೆ ಇಳಿಯಬಲ್ಲ ಕ್ಯಾಟಲಿನಾ ವಿಮಾನಗಳು ಸಮೀಪದ ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಸುತ್ತಲಿನ ಹಳ್ಳಿಗಳ ತರುಣರ ಕೈಗೆ ನೇಗಿಲಿನೊಡನೆ ಸ್ಪ್ಯಾನರೂ ಬಂದಿತು.

ಮೈಸೂರನ್ನು ಬಿಟ್ಟ ಮೇಲೂ ಮಿರ್ಜಾ ಅವರಿಗೆ ವಿಶ್ರಾಂತಿ ದೊರೆಯಲಿಲ್ಲ. 1942ರಿಂದ 1946ರವರೆಗೆ ಜಯಪುರದ ಪ್ರಧಾನಿಯಾಗಿ ಆ ನಗರವನ್ನು ಸುಂದರಗೊಳಿಸಿದರು. ಅಲ್ಲಿನ ದೊಡ್ಡ ರಸ್ತೆಯೊಂದು ಅವರ ಹೆಸರನ್ನು ಹೊತ್ತಿದೆ. ಅನಂತರ ಹೈದರಾಬಾದಿನ ಪ್ರಧಾನಿಯಾದರು. ಆ ಸಂಸ್ಥಾನವು ಭಾರತದೊಡನೆ ಸ್ನೇಹದಿಂದ ಹೊಂದಿಕೊಳ್ಳಬೇಕೆಂಬುದು ಅವರ ನಿಲುವು. ಅದಕ್ಕೆ ಅಲ್ಲಿ ಮನ್ನಣೆ ದೊರೆಯದೆ 1947ರಲ್ಲಿ ಅಧಿಕಾರವನ್ನು ತ್ಯಜಿಸಿದರು.

ಅವರ ಅನುಭವಕ್ಕೆ ಕಡಲಾಚೆಯಿಂದಲೂ ಕರೆ ಬಂದಿತು. ಮುನ್ನೂರು ವರ್ಷಗಳಿಗೂ ಮಿಗಿಲಾಗಿ ಡಚ್ಚರ ಹಿಡಿತಕ್ಕೆ ಸಿಕ್ಕಿದ್ದ ಇಂಡೋನೇಷ್ಯವು 1945ರಲ್ಲಿ ಸ್ವಾತಂತ್ರ್ಯವನ್ನು ಘೋಷಿಸಿ, ನಾಲ್ಕು ವರ್ಷ ಹೋರಾಡಿ, 1949ರ ಡಿಸೆಂಬರ್ ತಿಂಗಳಲ್ಲಿ ಅದನ್ನು ದೃಢಪಡಿಸಿಕೊಂಡಿತ್ತು. 1950ರ ದಶಕದ ಆರಂಭದಲ್ಲಿ ಮಿರ್ಜಾ ಅವರು ವಿಶ್ವಸಂಸ್ಥೆಯ ತಾಂತ್ರಿಕ ನೆರವಿನ ಪ್ರತಿನಿಧಿಯಾಗಿ ಆ ದೇಶದಲ್ಲಿ ಸೇವೆ ಸಲ್ಲಿಸಿದರು. ಅದು ಸಾವಿರಾರು ದ್ವೀಪಗಳ ನಾಡು. ರಬ್ಬರ್, ತವರ, ಎಣ್ಣೆಗಳ ಸಂಪತ್ತು ಅಲ್ಲಿ ಹೇರಳವಾಗಿತ್ತು. ಆದರೆ ಆ ಸಂಪತ್ತು ಹೊರನಾಡಿಗೆ ಹರಿಯುವಂತೆ ವ್ಯವಸ್ಥೆಯಾಗಿತ್ತೇ ಹೊರತು ಅಲ್ಲಿನ ಬಡವನ ಮನೆಗೆ ಹರಿಯುವಂತೆ ಅಲ್ಲ. ಜಾವಾ ದ್ವೀಪದಲ್ಲಿ ರೈಲು ಮಾರ್ಗಗಳಿದ್ದವು; ದ್ವೀಪದಿಂದ ದ್ವೀಪಕ್ಕೆ ಹಡಗುಗಳು ಸಾಲದಾಗಿದ್ದವು. ಡಚ್ಚರ ಕಾಲದ ಸಾಲದ ಬಹುಪಾಲನ್ನು ಹೊಸ ಸರ್ಕಾರವೇ ಹೊರಬೇಕಾಗಿ ಬಂದಿತ್ತು. ಸ್ವಾತಂತ್ರ್ಯಕ್ಕಾಗಿ ಹೋರಾಡಿದ ದಳಗಳನ್ನು ಒಂದುಗೂಡಿಸಿ ಕಟ್ಟಿದ ಸೈನ್ಯವು ಅಷ್ಟು ದೀರ್ಘವಾದ ಕಡಲತೀರವನ್ನು ಕಾಯಬೇಕಾಗಿತ್ತು. ಪರರಿಗೆ ಹಣ ತೆರುತ್ತ, ತನ್ನ ಬಲವನ್ನು ತಾನೇ ಕಟ್ಟಿಕೊಳ್ಳುವ ಕಷ್ಟವೇನೆಂಬುದು ಮೈಸೂರಿನ ದಿವಾನರಾಗಿದ್ದವರಿಗೆ ಹೊಸದಾಗಿರಲಿಲ್ಲ.

ಬೆಂಗಳೂರಿಗೆ ಮರಳಿದ ಮಿರ್ಜಾ ಅವರು ತಮ್ಮ ಸಾರ್ವಜನಿಕ ಜೀವನದ ನೆನಪುಗಳನ್ನು ಗ್ರಂಥರೂಪದಲ್ಲಿ ಬರೆದರು. 1959ರ ಜನವರಿ 5ರಂದು ತಾವು ಹುಟ್ಟಿದ ಊರಿನಲ್ಲಿಯೇ ನಿಧನರಾದರು. ಅಷ್ಟರಲ್ಲಿ ದಂಡು ಪ್ರದೇಶವು ಮೈಸೂರಿಗೆ ಮರಳಿತ್ತು. ಪೇಟೆ, ದಂಡುಗಳೆರಡೂ ಒಂದೇ ನಗರಪಾಲಿಕೆಯಲ್ಲಿ ಕೂಡಿದ್ದವು. ಕೃಷ್ಣರಾಜಪುರದ ಬಳಿ ದೂರವಾಣಿ ಉಪಕರಣಗಳ ಕಾರ್ಖಾನೆ ನಡೆಯುತ್ತಿತ್ತು. ಭಾರತೀಯರೇ ರೂಪಿಸಿದ ತರಬೇತಿ ವಿಮಾನವು 1951ರಲ್ಲಿಯೇ ಬೆಂಗಳೂರಿನ ಆಕಾಶದಲ್ಲಿ ಹಾರಿತ್ತು. ಮುಂದೆ 1961ರಲ್ಲಿ ಮಾರುತ್, 2001ರಲ್ಲಿ ತೇಜಸ್ ವಿಮಾನಗಳು ಅದೇ ನೆಲದಿಂದ ಮೇಲೇರಿದವು. ಕಾರ್ಖಾನೆಯ ಸುತ್ತ ವಿಮಾನಪುರ ಬೆಳೆಯಿತು. ಇಂದಿರಾನಗರದ ಕಡೆಯ ಬಡಾವಣೆಗಳು ಈಗಲೂ ಕಾರ್ಖಾನೆಯ ಹೆಸರಿನಿಂದಲೇ ಗುರುತಿಸಲ್ಪಡುತ್ತವೆ.

ಕೋಟೆಯನ್ನು ಕಟ್ಟುವುದರಿಂದ ಮಾತ್ರ ನಾಡಿನ ರಕ್ಷಣೆಯಾಗುವುದಿಲ್ಲ. ಹೊಲಕ್ಕೆ ಹರಿಯುವ ನೀರು, ಗುಡಿಸಲಿಗೆ ಬರುವ ಬೆಳಕು, ಕೈಗೆ ದೊರೆಯುವ ಉದ್ಯೋಗ, ತಲೆಯಲ್ಲಿ ನೆಲೆಸುವ ವಿದ್ಯೆ, ಇವೇ ಆ ಕೋಟೆಯ ತಳಪಾಯ. ಜನರ ಒಪ್ಪಿಗೆಯೇ ಅದರ ಕಲ್ಲುಗಳನ್ನು ಬೆಸೆಯುವ ಗಾರೆ. ತಳಪಾಯವನ್ನು ಮಿರ್ಜಾ ಇಸ್ಮಾಯಿಲರು ಶ್ರದ್ಧೆಯಿಂದ ಹಾಕಿದರು. ಗಾರೆಯನ್ನು ಅನಂತರದ ಕಾಲವು ಒದಗಿಸಬೇಕಾಯಿತು. ತಾನು ನೆಟ್ಟ ಮರದ ನೆರಳಿನಲ್ಲಿ ತಾನೇ ಕುಳಿತುಕೊಳ್ಳಬೇಕೆಂದು ಬಯಸದೆ ದುಡಿದವರಲ್ಲಿ ಅವರೂ ಒಬ್ಬರು.