ಸೋತ ಊರಿನಲ್ಲೇ ಮತ್ತೊಮ್ಮೆ ವೆರ್ಡಿ

ಇಟಲಿಯ ಮಿಲಾನ್ ನಗರದ ಸಂಗೀತ ಕಾಲೇಜಿಗೆ ಇವತ್ತು ಜ್ಯುಸೆಪ್ಪೆ ವೆರ್ಡಿಯ ಹೆಸರಿದೆ. 1832ರಲ್ಲಿ ಅದೇ ಕಾಲೇಜು ವೆರ್ಡಿಗೆ ಸೀಟು ಕೊಟ್ಟಿರಲಿಲ್ಲ! ವಯಸ್ಸು ಹದಿನೆಂಟು, ಮಿತಿ ಮೀರಿದೆ. ಪಿಯಾನೊ ಮೇಲೆ ಕೈ ಇಡುವ ರೀತಿ ಸರಿಯಿಲ್ಲ. ಮೇಲಾಗಿ ಹುಡುಗ ಬೇರೆ ಸಂಸ್ಥಾನದವನು. ಏಜ್ ಲಿಮಿಟ್, ಹೊರಗಿನವನು... ಅರ್ಜಿ ಹಾಕಿ ಹಾಕಿ ಸುಸ್ತಾದ ನಮಗೆ ಇವೇನು ಹೊಸ ಮಾತುಗಳಲ್ಲ.

ವೆರ್ಡಿ ಹುಟ್ಟಿದ್ದು 1813ರಲ್ಲಿ, ಪಾರ್ಮಾ ಸೀಮೆಯ ಲೆ ರೊಂಕೊಲೆ ಎಂಬ ಹಳ್ಳಿಯಲ್ಲಿ. ಅಪ್ಪ ಸಣ್ಣ ಛತ್ರದಂಥ ಹೋಟೆಲು ನಡೆಸುತ್ತಿದ್ದ. ಪಕ್ಕದ ಬುಸ್ಸೆತೊ ಪೇಟೆಯಲ್ಲಿ ಅಂತೋನಿಯೊ ಬರೆಟ್ಸಿ ಎಂಬ ವ್ಯಾಪಾರಿಯಿದ್ದರು, ಸಂಗೀತದ ಹುಚ್ಚಿನವರು. ಸೀಟು ತಪ್ಪಿದ ಹುಡುಗನಿಗೆ ಅವರೇ ಹಣ ಕೊಟ್ಟು ಮಿಲಾನಿನಲ್ಲಿ ಖಾಸಗಿಯಾಗಿ ಪಾಠ ಹೇಳಿಸಿದರು. 1836ರಲ್ಲಿ ಮಗಳು ಮಾರ್ಗರೀಟಾಳನ್ನು ಕೊಟ್ಟು ಮದುವೆಯನ್ನೂ ಮಾಡಿದರು.

ಆಮೇಲಿನ ನಾಲ್ಕು ವರ್ಷ ಬರೆಯುವುದಕ್ಕೇ ಕಷ್ಟವಾಗುತ್ತದೆ. 1838ರಲ್ಲಿ ಪುಟ್ಟ ಮಗಳು ತೀರಿಕೊಂಡಳು, 1839ರಲ್ಲಿ ಮಗ, 1840ರ ಜೂನ್‌ನಲ್ಲಿ ಹೆಂಡತಿ. ಆಗ ಕೈಯಲ್ಲಿದ್ದ ಕೆಲಸವೋ ಒಂದು ಹಾಸ್ಯ ಒಪೆರಾ! ಅದು ಒಂದೇ ರಾತ್ರಿಗೆ ನಿಂತಿತು. ಎರಡು ವರ್ಷದ ನಂತರ ಬಂದ ‘ನಬುಕ್ಕೊ’ ಆತನನ್ನು ಇಟಲಿಗೆಲ್ಲ ಪರಿಚಯಿಸಿತು.

ನನಗೆ ಹೆಚ್ಚು ಕಾಡುವುದು ಹೆಸರು ಬಂದ ಮೇಲೆ ಆದ ಸೋಲು. 1853ರ ಮಾರ್ಚ್ 6, ವೆನಿಸ್‌ನ ಲಾ ಫೆನೀಚೆ ರಂಗಮಂದಿರ, ‘ಲಾ ತ್ರಾವಿಯಾತಾ’ದ ಮೊದಲ ಪ್ರದರ್ಶನ. ಒಪೆರಾ ಎಂದರೆ ಮಾತೂ ಹಾಡಾಗಿಯೇ ಬರುವ ನಾಟಕ. ಪ್ಯಾರಿಸ್ಸಿನ ಶ್ರೀಮಂತರ ಆಶ್ರಯದಲ್ಲಿ ಬದುಕುವ ಗಣಿಕೆ ವಯೊಲೆಟ್ಟಾ ಇದರ ನಾಯಕಿ. ಆಲ್ಫ್ರೆಡೊ ಎಂಬ ಯುವಕನನ್ನು ನಿಜವಾಗಿ ಪ್ರೀತಿಸುತ್ತಾಳೆ. ಅವನ ತಂದೆ ಬಂದು, ತನ್ನ ಮಗಳ ಮದುವೆಗೆ ಅಡ್ಡಿಯಾಗುತ್ತದೆ, ಮಗನನ್ನು ಬಿಟ್ಟುಬಿಡು ಎಂದು ಕೇಳಿಕೊಳ್ಳುತ್ತಾನೆ. ಆಕೆ ಬಿಡುತ್ತಾಳೆ. ಕೊನೆಗೆ ಕ್ಷಯದಿಂದ ಸಾಯುತ್ತಾಳೆ.

ಈ ಕಥೆ ಆತನ ಮನೆಯ ಬಾಗಿಲಲ್ಲೇ ಇತ್ತು. ‘ನಬುಕ್ಕೊ’ದಲ್ಲಿ ಹಾಡಿದ್ದ ಜ್ಯುಸೆಪ್ಪೀನಾ ಸ್ತ್ರೆಪ್ಪೋನಿಯ ಜೊತೆ ವೆರ್ಡಿ ಮದುವೆಯಾಗದೆ ಬದುಕುತ್ತಿದ್ದ. ಮದುವೆಯಾಗದೆ ತಾಯಿಯಾಗಿದ್ದ ಗಾಯಕಿ ಆಕೆ. ಬುಸ್ಸೆತೊ ಊರು ಆಕೆಯನ್ನು ದೂರವೇ ಇಟ್ಟಿತ್ತು. ವಯೊಲೆಟ್ಟಾ ಎಂದರೆ ಜ್ಯುಸೆಪ್ಪೀನಾನೇ ಎಂದು ನಾನು ಹೇಳುತ್ತಿಲ್ಲ. ಆದರೆ ಊರಿನ ಬಾಯಿಗೆ ಸಿಕ್ಕ ಹೆಣ್ಣಿನ ಪಾಡು ಆತನಿಗೆ ಪುಸ್ತಕದಿಂದ ಮಾತ್ರ ತಿಳಿದದ್ದಲ್ಲ.

ವೆರ್ಡಿಗೆ ಇದು ತನ್ನ ಕಾಲದ ಕಥೆಯಾಗಿ, ಆಗಿನ ಉಡುಪಿನಲ್ಲೇ ಕಾಣಬೇಕಿತ್ತು. ಒಪ್ಪಿಗೆ ಸಿಗಲಿಲ್ಲ, ಕಥೆಯನ್ನು ನೂರೈವತ್ತು ವರ್ಷ ಹಿಂದಕ್ಕೆ, 1700ರ ಆಸುಪಾಸಿಗೆ ತಳ್ಳಿದರು. ಎದುರಿಗೆ ಕೂತವರಿಗೆ ತಮ್ಮ ಮುಖ ಕಾಣದಿರಲಿ ಅಂತಲೇ ಇರಬೇಕು! ಮೊದಲ ಅಂಕಕ್ಕೆ ಚಪ್ಪಾಳೆ ಬಿತ್ತು. ಮುಂದಕ್ಕೆ ಹೋದಂತೆ ಕೆಟ್ಟಿತು. ತಂದೆಯ ಪಾತ್ರಧಾರಿ ಸರಿಯಾಗಿ ಹಾಡಲಿಲ್ಲ. ನಾಯಕಿ ಫ್ಯಾನಿ ಸಾಲ್ವಿನಿ ದೊನಾತೆಲ್ಲಿ ಚೆನ್ನಾಗಿಯೇ ಹಾಡಿದರೂ, ಮೈತುಂಬಿದ ಆಕೆ ಕ್ಷಯದಿಂದ ಸಾಯುವುದನ್ನು ಕಂಡು ಜನ ನಕ್ಕರು. ಹಾಡಿದ್ದು ಗಂಟಲು, ನಕ್ಕಿದ್ದು ಮೈ ನೋಡಿ. ಇದು ಆ ಕಾಲಕ್ಕೇ ಮುಗಿದ ಚಾಳಿಯೇನಲ್ಲ.

ಮರುದಿನವೇ ವೆರ್ಡಿ ಸ್ನೇಹಿತರಿಗೆ ಕಾಗದ ಬರೆದು ಸೋಲನ್ನು ತಿಳಿಸಿದ. ತಪ್ಪು ತನ್ನದೋ ಗಾಯಕರದೋ ಎಂಬ ತೀರ್ಪನ್ನು ಕಾಲಕ್ಕೆ ಬಿಟ್ಟ. ಹಾಗಂತ ಕೈಕಟ್ಟಿ ಕೂರಲಿಲ್ಲ. ತಕ್ಕ ಗಾಯಕರಿಲ್ಲದ ಕಡೆ ಆಡಿಸಲು ಒಪ್ಪಲಿಲ್ಲ. ಎರಡು, ಮೂರನೇ ಅಂಕಗಳಲ್ಲಿ ಐದು ಭಾಗಗಳನ್ನು ತಿದ್ದಿದ. ತಂದೆ ಮತ್ತು ವಯೊಲೆಟ್ಟಾ ಎದುರುಬದುರಾಗುವ ದೃಶ್ಯ ಅದರಲ್ಲಿ ಮುಖ್ಯ. ಉಳಿದದ್ದನ್ನು, ಅಂದರೆ ಹೆಚ್ಚಿನ ಪಾಲನ್ನು, ಮುಟ್ಟಲಿಲ್ಲ. ಜನ ನಕ್ಕರು ಅಂತ ಎಲ್ಲವನ್ನೂ ಹರಿದು ಹಾಕದಿರುವುದಕ್ಕೂ ಧೈರ್ಯ ಬೇಕು.

1854ರ ಮೇ 6ರಂದು ಅದೇ ವೆನಿಸ್‌ನಲ್ಲಿ, ಸಾನ್ ಬೆನೆದೆತ್ತೊ ಎಂಬ ಇನ್ನೊಂದು ರಂಗಮಂದಿರದಲ್ಲಿ ಹೊಸ ಪ್ರಯೋಗ. ವಯೊಲೆಟ್ಟಾ ಆಗಿ ಮಾರಿಯಾ ಸ್ಪೆಟ್ಸಿಯಾ. ಸಾಹಿತ್ಯ ಬರೆದಿದ್ದ ಪಿಯಾವೆಯೇ ನಿಂತು ನೋಡಿಕೊಂಡ. ಉಡುಪು ಮಾತ್ರ ಈ ಸಲವೂ ಹಳೆಯ ಕಾಲದ್ದೇ. ಹದಿನಾಲ್ಕು ತಿಂಗಳ ಹಿಂದೆ ನಕ್ಕಿದ್ದ ಊರು ಈಗ ಕುಣಿದಾಡಿತು. ವೆರ್ಡಿ ಆಗ ಪ್ಯಾರಿಸ್‌ನಲ್ಲಿದ್ದ. ಚಪ್ಪಾಳೆ ಕೇಳಲು ಬರಲಿಲ್ಲ. ಅಲ್ಲಿಂದ ‘ಲಾ ತ್ರಾವಿಯಾತಾ’ ಊರೂರು ಸುತ್ತಿತು. ಇಂದಿಗೂ ಜಗತ್ತಿನಲ್ಲಿ ಅತಿ ಹೆಚ್ಚು ಆಡುವ ಒಪೆರಾಗಳಲ್ಲಿ ಅದೊಂದು.

ಜ್ಯುಸೆಪ್ಪೀನಾಳನ್ನು 1859ರಲ್ಲಿ ಮದುವೆಯಾದ. ಕೊನೆಯ ವರ್ಷಗಳಲ್ಲಿ ಮಿಲಾನ್‌ನಲ್ಲಿ ಮುಪ್ಪಿನ ಸಂಗೀತಗಾರರಿಗಾಗಿ ಒಂದು ಆಶ್ರಯಮನೆ ಕಟ್ಟಿಸಿದ. ಯಾರೂ ಬಂದು ಕೃತಜ್ಞತೆ ಹೇಳಬಾರದೆಂದು, ತಾನು ಸತ್ತ ಮೇಲೆಯೇ ಬಾಗಿಲು ತೆರೆಯಬೇಕೆಂದು ತಾಕೀತು ಮಾಡಿದ. 1901ರ ಜನವರಿ 27ರಂದು ತೀರಿಕೊಂಡ. ಮರುವರ್ಷ ಮನೆ ತೆರೆಯಿತು. ಆತನ ಒಪೆರಾಗಳ ಗೌರವಧನ ದಶಕಗಳ ಕಾಲ ಅದನ್ನು ನಡೆಸಿತು. ಈಗಲೂ ಅಲ್ಲಿ ವಯಸ್ಸಾದ ಗಾಯಕರು, ವಾದ್ಯಗಾರರು ಇದ್ದಾರೆ. ಗಂಡ ಹೆಂಡತಿ ಇಬ್ಬರ ಸಮಾಧಿಯೂ ಅದೇ ಆವರಣದಲ್ಲಿದೆ.