ಆಲ್ಫ್ರೆಡ್ ವರ್ನರ್

ಮೈಲುತುತ್ತವನ್ನು ನೀರಿನಲ್ಲಿ ಕರಗಿಸಿದರೆ ತಿಳಿನೀಲಿಯ ದ್ರಾವಣವಾಗುವುದನ್ನು ಪ್ರಯೋಗಶಾಲೆಯಲ್ಲಿ ನಾವೆಲ್ಲರೂ ಕಂಡಿದ್ದೇವೆ. ಗ್ಲೈಸೀನ್ ಎಂಬ ಅಮೈನೋ ಆಮ್ಲವನ್ನು ಸ್ವಲ್ಪ ಕ್ಷಾರದೊಡನೆ ಅದಕ್ಕೆ ಬೆರೆಸಿದರೆ ಬಣ್ಣವು ಕಡುನೀಲಿಗೆ ತಿರುಗುವುದು. ತಾಮ್ರದ ಅಯಾನನ್ನು ಸುತ್ತುವರಿದ ನೀರಿನ ಅಣುಗಳನ್ನು ಸರಿಸಿ, ಗ್ಲೈಸೀನ್ ಒಂದೆಡೆ ತನ್ನ ನೈಟ್ರೋಜನ್ನಿನಿಂದಲೂ ಮತ್ತೊಂದೆಡೆ ಆಕ್ಸಿಜನ್ನಿನಿಂದಲೂ ಲೋಹವನ್ನು ಹಿಡಿದುಕೊಳ್ಳುವುದೇ ಇದಕ್ಕೆ ಕಾರಣ. ಇಂತಹ ಹಿಡಿತದ ಬಗೆಯನ್ನು ಮೊದಲು ಸರಿಯಾಗಿ ಊಹಿಸಿದವನು ವರ್ನರ್.

ಆಲ್ಸೇಸ್ ಪ್ರಾಂತದ ಮ್ಯುಲೂಸ್ ಪಟ್ಟಣದಲ್ಲಿ 1866ನೆಯ ಡಿಸೆಂಬರ್ 12ರಂದು ಈತನ ಜನನವಾಯಿತು. 1871ರಲ್ಲಿ ಆ ಪ್ರಾಂತವು ಜರ್ಮನಿಯ ವಶವಾಯಿತು. ಮನೆಯ ಮಾತು ಫ್ರೆಂಚ್. ಮುಂದೆ ಲೇಖನಗಳನ್ನು ಬರೆದದ್ದು ಬಹುಮಟ್ಟಿಗೆ ಜರ್ಮನ್ನಿನಲ್ಲಿ. ಮನೆಗೊಂದು ಮಾತು, ಊರಿಗೊಂದು ಮಾತು ಎಂಬ ಪಾಡು ನಮಗೇನು ಹೊಸದಲ್ಲವಷ್ಟೆ! 1890ರಲ್ಲಿ ಜೂರಿಚ್‌ನಲ್ಲಿ ಡಾಕ್ಟರೇಟ್ ಪಡೆದನು.

ಆಗ ರಸಾಯನಜ್ಞರನ್ನು ಒಂದು ಸಮಸ್ಯೆ ಕಾಡುತ್ತಿದ್ದಿತು. ಕೋಬಾಲ್ಟ್ ಕ್ಲೋರೈಡಿನಲ್ಲಿ ಲೋಹದ ಸಂಯೋಗ ಸಾಮರ್ಥ್ಯವೆಲ್ಲ ಮುಗಿದಿರುವಾಗ, ಅದು ಮತ್ತೆ ಆರು ಅಮೋನಿಯಾ ಅಣುಗಳನ್ನು ಸೇರಿಸಿಕೊಳ್ಳುವುದು ಹೇಗೆ? ಒಂದು ರಾತ್ರಿ ಎರಡು ಗಂಟೆಗೆ ವರ್ನರ್ ಉತ್ತರದೊಡನೆಯೇ ಎಚ್ಚತ್ತು, ಮರುದಿನ ಸಂಜೆ ಐದರವರೆಗೆ ಬರೆದನೆಂದು ಹೇಳುವರು. 1893ರಲ್ಲಿ ಅದು ಪ್ರಕಟವಾಯಿತು. ಆಗ ಅವನಿಗೆ ಇಪ್ಪತ್ತಾರು ವರ್ಷ. ಲೋಹದ ಸುತ್ತಲೂ, ಅಷ್ಟಮುಖಿಯ ಮೂಲೆಗಳಲ್ಲಿರುವಂತೆ, ಆರು ನೆಲೆಗಳುಂಟು. ಅಲ್ಲಿ ನೆಲಸಿದುದು ದ್ರಾವಣದಲ್ಲಿಯೂ ಸುಲಭವಾಗಿ ಬಿಟ್ಟುಹೋಗದು ಎಂಬುದು ಅವನ ವಾದ. ಆರು ಅಮೋನಿಯಾಗಳಿದ್ದಾಗ ಬೆಳ್ಳಿಯ ನೈಟ್ರೇಟ್ ಮೂರು ಕ್ಲೋರೈಡುಗಳನ್ನೂ ಒತ್ತರಿಸುವುದು. ಐದಿದ್ದರೆ ಎರಡನ್ನು, ನಾಲ್ಕಿದ್ದರೆ ಒಂದನ್ನು ಮಾತ್ರ. ಈ ಲೆಕ್ಕ ಅವನ ವಾದಕ್ಕೆ ಚೆನ್ನಾಗಿ ಹೊಂದಿತು.

ಆದರೆ ಆಧಾರಗಳಲ್ಲಿ ಬಹುಪಾಲು ಡೆನ್ಮಾರ್ಕಿನ ಯೋರ್ಗೆನ್‌ಸೆನ್ ದುಡಿದು ಪಡೆದವು. ಆ ಹಿರಿಯನೇ ಎದುರಾಳಿಯಾಗಿ ನಿಂತನು. ಇದು ನ್ಯಾಯವೇ ಎಂದು ನಮಗೆ ತೋರುತ್ತದೆ. ಊಹೆಗೆ ಸಾಕ್ಷಿ ಬೇಡವೆ? ವರ್ನರ್ ಶಿಷ್ಯರೊಡನೆ ಜೂರಿಚ್‌ನ ಕತ್ತಲೆಯ ನೆಲಮಾಳಿಗೆಗಳಲ್ಲಿ ವರ್ಷಗಟ್ಟಲೆ ದುಡಿದನು. ತನ್ನ ಸಿದ್ಧಾಂತವು ಇರಲೇಬೇಕೆಂದ ನೇರಳೆಯ ಲವಣವನ್ನು 1907ರಲ್ಲಿ ತಯಾರಿಸಿದಾಗ ಯೋರ್ಗೆನ್‌ಸೆನ್ ಸೋಲನ್ನು ಒಪ್ಪಿಕೊಂಡನು. 1911ರಲ್ಲಿ ಶಿಷ್ಯನಾದ ಕಿಂಗ್‌ನೊಡನೆ, ಎಡಗೈ ಬಲಗೈಗಳಂತೆ ಪರಸ್ಪರ ಪ್ರತಿಬಿಂಬವಾದ ಕೋಬಾಲ್ಟ್ ಸಂಯುಕ್ತಗಳನ್ನು ಬೇರ್ಪಡಿಸಿದ ಮೇಲೆ ಅಷ್ಟಮುಖಿಯ ವಿಷಯದಲ್ಲಿ ಸಂಶಯಕ್ಕೆ ಎಡೆಯುಳಿಯಲಿಲ್ಲ. 1913ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಅಷ್ಟರಲ್ಲಿ ಆರೋಗ್ಯ ಕುಸಿಯತೊಡಗಿತ್ತು. 1919ನೆಯ ನವೆಂಬರ್ 15ರಂದು, ಐವತ್ತಮೂರು ತುಂಬುವ ಮೊದಲೇ, ವರ್ನರ್ ತೀರಿಕೊಂಡನು. ಗ್ಲೈಸೀನಿನಂತೆ ಎರಡು ಕಡೆಯಿಂದ ಲೋಹವನ್ನು ಹಿಡಿಯುವ ಸಂಯುಕ್ತಗಳಿಗೆ, ಏಡಿಯ ಕೊಂಬನ್ನು ಸೂಚಿಸುವ ಗ್ರೀಕ್ ಪದದಿಂದ ಕೀಲೇಟ್ ಎಂಬ ಹೆಸರನ್ನಿಟ್ಟದ್ದು ಮರುವರ್ಷ, 1920ರಲ್ಲಿ.